ತೀರ್ಪುಗಾರರ ಕುರ್ಚಿಯಲ್ಲಿ ಯಾರಿದ್ದಾರೆ?

1946ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ಮೊದಲ ಸಲ ನಡೆದಾಗ ಅಲ್ಲಿನ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡ ಚಿತ್ರಗಳಲ್ಲಿ ಚೇತನ್ ಆನಂದ್ ಅವರ 'ನೀಚಾ ನಗರ್' ಒಂದು. ಎತ್ತರದಲ್ಲಿ ಕೂತ ಧನಿಕನೊಬ್ಬ ತನ್ನ ಲಾಭಕ್ಕಾಗಿ ಚರಂಡಿಯನ್ನು ತಗ್ಗಿನ ಬಡವರ ಕಡೆಗೆ ತಿರುಗಿಸುತ್ತಾನೆ. ರೋಗ ಹಬ್ಬುತ್ತದೆ, ಜನ ಸಾಯುತ್ತಾರೆ. 68 ವರ್ಷಗಳ ನಂತರ, 2014ರಲ್ಲಿ, ಚೈತನ್ಯ ತಮ್ಹಾಣೆ ಅವರ ಮರಾಠಿ ಚಿತ್ರ 'ಕೋರ್ಟ್' ವೆನಿಸ್‌ನಲ್ಲಿ ಎರಡು ಪ್ರಶಸ್ತಿ ಪಡೆಯಿತು: ಒರಿಜೋಂಟಿ ವಿಭಾಗದ ಅತ್ಯುತ್ತಮ ಚಿತ್ರ, ಜೊತೆಗೆ ಚೊಚ್ಚಲ ಚಿತ್ರಕ್ಕೆ ಕೊಡುವ 'ಭವಿಷ್ಯದ ಸಿಂಹ'. ಅದರಲ್ಲೂ ಚರಂಡಿಯೇ ಇದೆ. ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕನೊಬ್ಬ ಸತ್ತಿದ್ದಾನೆ. ಅವನ ಸಾವಿಗೆ ಒಬ್ಬ ದಲಿತ ಹಾಡುಗಾರನ ಹಾಡೇ ಕಾರಣ ಅಂತ ಪೊಲೀಸರು ಕೇಸು ಹಾಕುತ್ತಾರೆ.

ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಆದರೂ ಗುಂಡಿಗೆ ಇಳಿಯುವವರ ಜಾತಿ ಬದಲಾಗಲಿಲ್ಲ. ಎತ್ತರದಲ್ಲಿ ಕೂತು ನೋಡುವವರ ಜಾಗವೂ ಬದಲಾಗಲಿಲ್ಲ. ಈ ಲೇಖನದ ಪ್ರಶ್ನೆ ಚಿತ್ರಗಳ ಗುಣದ ಬಗ್ಗೆ ಅಲ್ಲ, ಆ ಎತ್ತರದ ಬಗ್ಗೆ. ನಮ್ಮ ನೋವು ತೆರೆಯ ಮೇಲೆ ಬಂದಿದೆ, ಸರಿ. ಅದಕ್ಕೆ ಬೆಲೆ ಕಟ್ಟುವ ತಕ್ಕಡಿ ಯಾರ ಕೈಯಲ್ಲಿದೆ?

ಈ ತಕ್ಕಡಿಗೆ ಒಂದು ಹಳೆಯ ಹೆಸರಿದೆ: ಮಾನವೀಯತೆ. 1956ರಲ್ಲಿ ಕಾನ್‌ನಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗೆ 'ಅತ್ಯುತ್ತಮ ಮಾನವೀಯ ದಾಖಲೆ' ಅಂತ ಪ್ರಶಸ್ತಿ ಕೊಟ್ಟರು. ಅದು ದೊಡ್ಡ ಚಿತ್ರ, ಅದರಲ್ಲಿ ತಕರಾರಿಲ್ಲ. ಆದರೆ ನೋಡಿ, ಹರಿಹರ ಒಬ್ಬ ಬಡ ಪುರೋಹಿತ. ಅವನ ಬಡತನ ತೀರ್ಪುಗಾರರಿಗೆ ಇಡೀ ಮನುಷ್ಯಕುಲದ ಬಡತನವಾಗಿ ಕಂಡಿತು. ಅವನ ಜನಿವಾರ ಅದಕ್ಕೆ ಅಡ್ಡ ಬರಲಿಲ್ಲ. ಅದೇ ಕೇರಿಯವನ ಬಡತನ ತೆರೆಗೆ ಬಂದರೆ ಅದು 'ಜಾತಿ ಸಮಸ್ಯೆಯ ಚಿತ್ರ' ಆಗುತ್ತದೆ. ಅಗ್ರಹಾರದ ಹಸಿವು ಮನುಷ್ಯನ ಹಸಿವು, ಕೇರಿಯ ಹಸಿವು ಮಾತ್ರ ಜಾತಿಯ ಹಸಿವು! ವಿಶ್ವಾತ್ಮಕ ಅನ್ನೋ ಪದವನ್ನು ನಮ್ಮ ವಿಮರ್ಶೆ ಮೊದಲು ಇಲ್ಲಿಂದಲೇ ಅನುಮಾನಿಸಬೇಕು.

ಇನ್ನು ಆಯ್ಕೆಯ ವಿಧಾನ. 1972ರವರೆಗೆ ಕಾನ್‌ಗೆ ಯಾವ ಚಿತ್ರ ಹೋಗಬೇಕು ಅನ್ನೋದನ್ನು ಆಯಾ ದೇಶಗಳೇ ತೀರ್ಮಾನಿಸುತ್ತಿದ್ದವು. ಆ ವರ್ಷದಿಂದ ಉತ್ಸವದವರೇ ಆರಿಸಿಕೊಳ್ಳತೊಡಗಿದರು. ಮೊದಲು ಸರ್ಕಾರದ ಬಾಗಿಲು, ಈಗ ಹಣ ಹೂಡುವ ವಿದೇಶಿ ನಿಧಿಗಳು, ಚಿತ್ರ ಮಾರುವ ದಲ್ಲಾಳಿಗಳು, ಇಂಗ್ಲಿಷಿನಲ್ಲಿ ಕಥೆ ಒಪ್ಪಿಸುವ ಕಮ್ಮಟಗಳ ಬಾಗಿಲು. ಹಳ್ಳಿಯ ಹಾಸ್ಟೆಲಿನಲ್ಲಿ ಓದಿದ ಹುಡುಗನಿಗೆ ಎರಡೂ ಬಾಗಿಲು ದೂರ. ಬಾಗಿಲು ದಾಟಿದ ಮೇಲೂ ಪಂಕ್ತಿಗಳಿವೆ: ಪ್ರಧಾನ ಸ್ಪರ್ಧೆ, ಅದರ ಪಕ್ಕದ ವಿಭಾಗಗಳು, ಹೊರಗಿನ ಸಮಾನಾಂತರ ವಿಭಾಗಗಳು. ನಾಗರಾಜ ಮಂಜುಳೆಯವರ 'ಸೈರಾಟ್' 2016ರಲ್ಲಿ ಬರ್ಲಿನ್‌ಗೆ ಹೋಯಿತು, ಹದಿಹರೆಯದವರಿಗಾಗಿ ಇರುವ ವಿಭಾಗಕ್ಕೆ. ನೀರಜ್ ಘೇವಾನ್ ಅವರ 'ಮಸಾನ್' 2015ರಲ್ಲಿ, 'ಹೋಮ್‌ಬೌಂಡ್' 2025ರಲ್ಲಿ ಕಾನ್‌ಗೆ ಹೋದವು, ಎರಡೂ 'ಅನ್ ಸರ್ಟೆನ್ ರಿಗಾರ್' ವಿಭಾಗಕ್ಕೆ. ಇದನ್ನೇ ಪಂಕ್ತಿಭೇದ ಅಂದರೆ ಅತಿಯಾದೀತು. ಯಾಕೆಂದರೆ 1994ರ ಶಾಜಿ ಕರುಣ್ ಅವರ 'ಸ್ವಹಂ' ಆದ ಮೇಲೆ 2024ರವರೆಗೆ, 30 ವರ್ಷ, ಭಾರತದ ಯಾವ ಚಿತ್ರವೂ ಕಾನ್‌ನ ಪ್ರಧಾನ ಸ್ಪರ್ಧೆಯ ಎಲೆಗೆ ಕೂತಿರಲಿಲ್ಲ. ಬಿಳಿಯರ ಪಂಕ್ತಿಯಲ್ಲಿ ಇಡೀ ಭಾರತವೇ ಹೊರಜಗುಲಿಯಲ್ಲಿತ್ತು. ಆದರೆ ಜಗುಲಿಯಲ್ಲಿ ಕೂತವರ ನಡುವೆಯೂ ಯಾರು ಮುಂದೆ, ಯಾರು ಹಿಂದೆ ಅನ್ನೋ ಲೆಕ್ಕ ಇದ್ದೇ ಇರುತ್ತದಲ್ಲ.

ಕಾನ್‌ನ ಪ್ರಧಾನ ತೀರ್ಪುಗಾರರ ಮಂಡಳಿಯಲ್ಲಿ ಕೂತ ಭಾರತೀಯರನ್ನು ನೆನಪಿಸಿಕೊಳ್ಳಿ: 1982ರಲ್ಲಿ ಮೃಣಾಲ್ ಸೇನ್, 2000ದಲ್ಲಿ ಅರುಂಧತಿ ರಾಯ್, 2003ರಲ್ಲಿ ಐಶ್ವರ್ಯ ರೈ, 2005ರಲ್ಲಿ ನಂದಿತಾ ದಾಸ್, 2009ರಲ್ಲಿ ಶರ್ಮಿಳಾ ಟ್ಯಾಗೋರ್, 2010ರಲ್ಲಿ ಶೇಖರ್ ಕಪೂರ್, 2013ರಲ್ಲಿ ವಿದ್ಯಾ ಬಾಲನ್, 2022ರಲ್ಲಿ ದೀಪಿಕಾ ಪಡುಕೋಣೆ, 2025ರಲ್ಲಿ ಪಾಯಲ್ ಕಪಾಡಿಯಾ. ಇವರ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ನಾನು ದಲಿತ ಅಂತ ತನ್ನನ್ನು ತಾನೇ ಹೇಳಿಕೊಂಡ ಒಂದು ಹೆಸರು ಈ ಸಾಲಿನಲ್ಲಿ ಇದೆಯೇ ಅಂತ ಕೇಳುತ್ತಿದ್ದೇನೆ.

ಕಲೆಯಲ್ಲಿ ಲೆಕ್ಕ ಹಾಕಬಾರದು ಅನ್ನುವವರಿಗೆ ಒಂದು ಉತ್ತರ ಕಾನ್‌ನಲ್ಲೇ ಇದೆ. 2018ರ ಮೇ ತಿಂಗಳಲ್ಲಿ 82 ಮಹಿಳೆಯರು ಆ ಉತ್ಸವದ ಕೆಂಪು ಮೆಟ್ಟಿಲ ಮೇಲೆ ಒಟ್ಟಾಗಿ ನಿಂತರು. ಅಲ್ಲಿಯವರೆಗೆ ಪ್ರಧಾನ ಸ್ಪರ್ಧೆಗೆ ಬಂದ, ಮಹಿಳೆಯರು ನಿರ್ದೇಶಿಸಿದ ಚಿತ್ರಗಳ ಸಂಖ್ಯೆ ಅಷ್ಟೇ ಆಗಿತ್ತು. ಎರಡು ದಿನ ಬಿಟ್ಟು ಉತ್ಸವದ ಮುಖ್ಯಸ್ಥರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ಸಲ್ಲಿಕೆಯಾದ ಚಿತ್ರಗಳಲ್ಲಿ ಹೆಣ್ಣೆಷ್ಟು, ಗಂಡೆಷ್ಟು ಅಂತ ಲೆಕ್ಕ ಇಡುತ್ತೇವೆ, ಆಯ್ಕೆ ಸಮಿತಿಯ ಹೆಸರುಗಳನ್ನು ಬಹಿರಂಗ ಮಾಡುತ್ತೇವೆ. ಎಣಿಸಿದ್ದಕ್ಕೆ ಕಲೆ ಸತ್ತುಹೋಗಲಿಲ್ಲ. ಹಾಗಾದರೆ ಜಾತಿಯನ್ನು ಎಣಿಸಿ ಅಂದ ಕೂಡಲೇ ನಮ್ಮವರು ಯಾಕೆ ಮುಖ ಸಿಂಡರಿಸುತ್ತಾರೆ? ಜಾತಿ ಕೇಳೋದು ಅಸಭ್ಯತೆ ಅಂತೆ. ಊರಲ್ಲಿ ಲೋಟ ಬೇರೆ ಇಡುವಾಗ ಮಾತ್ರ ಅದು ಸಭ್ಯತೆ!

ಪ್ರಶ್ನೆ ಬರೀ ತಲೆ ಎಣಿಸೋದಲ್ಲ, ಅಭಿರುಚಿಯದೂ ಹೌದು. ಉತ್ಸವಗಳ ತೀರ್ಪಿನ ಭಾಷೆಯಲ್ಲಿ ಮತ್ತೆ ಮತ್ತೆ ಬರುವ ಹೊಗಳಿಕೆ 'ಸಂಯಮ'. ಕ್ಯಾಮೆರಾ ದೂರ ನಿಲ್ಲಬೇಕು, ಸಿಟ್ಟು ಮಾತಾಡಬಾರದು, ಮೌನ ಮಾತಾಡಬೇಕು. ಮಂಜುಳೆಯವರ 'ಫ್ಯಾಂಡ್ರಿ' (2013) ನೆನಪಿಸಿಕೊಳ್ಳಿ. ಕೈಕಾಡಿ ಭಾಷೆಯಲ್ಲಿ ಫ್ಯಾಂಡ್ರಿ ಅಂದರೆ ಹಂದಿ. ಕೊಂದ ಹಂದಿಯನ್ನು ಹೊತ್ತು ಜಬ್ಯಾನ ಕುಟುಂಬ ಶಾಲೆಯ ಗೋಡೆಯ ಮೇಲಿನ ಅಂಬೇಡ್ಕರ್, ಫುಲೆಯವರ ಚಿತ್ರಗಳ ಮುಂದೆ ಹಾದುಹೋಗುತ್ತದೆ. ಕೊನೆಗೆ ಆ ಹುಡುಗ ಎಸೆದ ಕಲ್ಲು ನೇರ ನಮ್ಮ ಮುಖಕ್ಕೇ ಬರುತ್ತದೆ. ತರಗತಿಯಲ್ಲಿ ಈ ಚಿತ್ರ ತೋರಿಸಿದಾಗ ಚೆನ್ನಾಗಿ ಓದುವ ಒಬ್ಬ ವಿದ್ಯಾರ್ಥಿ, 'ಸರ್, ಆ ಕಲ್ಲು ಬೇಡವಾಗಿತ್ತು, ಅಲ್ಲಿಯವರೆಗೆ ಕಲಾತ್ಮಕವಾಗಿತ್ತು' ಅಂದ. ಹಿಂದಿನ ಬೆಂಚಿನ ಹುಡುಗಿ, 'ಕಲ್ಲು ತಿಂದವರಿಗೆ ತಾನೇ ಅದರ ಅಗತ್ಯ ಗೊತ್ತಾಗೋದು' ಅಂದಳು. ಎರಡು ಸೌಂದರ್ಯಮೀಮಾಂಸೆಗಳು ಆ ಕೋಣೆಯಲ್ಲಿ ಎದುರಾಬದುರಾಗಿದ್ದವು. ಇದು ನಮಗೆ ಹೊಸದೇನಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗಲೂ ಅದು ಬರೀ ಘೋಷಣೆ, ಕಾವ್ಯ ಅಲ್ಲ ಅಂದವರು ಕನ್ನಡದಲ್ಲಿದ್ದರು. ಸಂಯಮ ಒಂದು ಗುಣವೇ. ಆದರೆ ಅದು ಹೊಡೆಸಿಕೊಳ್ಳದವರಿಗೆ ಸುಲಭವಾದ ಗುಣ.

'ಕೋರ್ಟ್' ಚಿತ್ರವನ್ನು ಈ ಕಣ್ಣಿನಿಂದ ಮತ್ತೆ ನೋಡಿ. ಅದರ ಶಕ್ತಿ ದೊಡ್ಡದು. ಸತ್ತವನ ಹೆಂಡತಿ ಸಾಕ್ಷಿ ಹೇಳುವ ದೃಶ್ಯ ಮರೆಯೋ ಹಾಗೇ ಇಲ್ಲ. ಗುಂಡಿಯೊಳಗೆ ಗಾಳಿ ಇದೆಯೋ ಇಲ್ಲವೋ ಅನ್ನೋದನ್ನು ಗಂಡ ಜಿರಳೆ ನೋಡಿ ತಿಳಿಯುತ್ತಿದ್ದ ಅಂತ ಆಕೆ ದನಿ ಏರಿಸದೆ ಹೇಳುತ್ತಾಳೆ. ಆದರೆ ಕಲಾಪ ಮುಗಿದ ಮೇಲೆ ಕ್ಯಾಮೆರಾ ಯಾರ ಹಿಂದೆ ಹೋಗುತ್ತದೆ? ವಕೀಲನ ಹಿಂದೆ, ಸರ್ಕಾರಿ ವಕೀಲೆಯ ಹಿಂದೆ, ನ್ಯಾಯಾಧೀಶನ ಹಿಂದೆ. ಅವರ ಊಟ, ಮನೆ, ರಜೆಯ ಪ್ರವಾಸ ಎಲ್ಲ ನಮಗೆ ಗೊತ್ತಾಗುತ್ತದೆ. ಹಾಡುಗಾರ ನಾರಾಯಣ ಕಾಂಬ್ಳೆಯ ಮನೆಗೆ, ಆ ವಿಧವೆಯ ಮನೆಗೆ ಅಷ್ಟು ಹೊತ್ತು ಸಿಗೋದಿಲ್ಲ. ತೀರ್ಪು ಕೊಡುವ ವರ್ಗದ ಒಳಬದುಕನ್ನು ಬಯಲು ಮಾಡೋದೇ ನಿರ್ದೇಶಕರ ಉದ್ದೇಶ ಅಂತ ವಾದಿಸಬಹುದು, ಒಪ್ಪುತ್ತೇನೆ. ಆದರೆ ಆ ಆಯ್ಕೆಯ ಬೆಲೆಯನ್ನೂ ಹೇಳಬೇಕಾದದ್ದು ವಿಮರ್ಶೆಯ ಕೆಲಸ.

ಕಾಂಬ್ಳೆಯಾಗಿ ನಟಿಸಿದವರು ನಾಗಪುರದ ವೀರಾ ಸಾಥಿದಾರ್. ಅಂಬೇಡ್ಕರ್‌ವಾದಿ ಹೋರಾಟಗಾರ, 'ವಿದ್ರೋಹಿ' ಅನ್ನೋ ಪತ್ರಿಕೆಯ ಸಂಪಾದಕ. 2021ರಲ್ಲಿ ಕೋವಿಡ್‌ಗೆ ಬಲಿಯಾದರು. ಅಂಥವರು ಕಟಕಟೆಯಲ್ಲಿ ನಿಂತಿದ್ದನ್ನು ನೋಡಿ ಎದ್ದು ಚಪ್ಪಾಳೆ ತಟ್ಟುವ ಲೋಕ, ಅಂಥವರನ್ನು ತೀರ್ಪುಗಾರರ ಕುರ್ಚಿಗೆ ಕರೆಯೋದು ಯಾವಾಗ?

ಹಾಗಾದರೆ ದಲಿತರ ಬಗ್ಗೆ ದಲಿತರೇ ಚಿತ್ರ ಮಾಡಬೇಕೇ, ದಲಿತರೇ ತೀರ್ಪು ಕೊಡಬೇಕೇ ಅಂತ ಕೇಳುವವರಿದ್ದಾರೆ. ನಾನು ಹಾಗೆ ಹೇಳುತ್ತಿಲ್ಲ. 'ಚೋಮನ ದುಡಿ'ಯನ್ನು ಬರೆದವರು, ನಿರ್ದೇಶಿಸಿದವರು, ಚೋಮನಾಗಿ ನಟಿಸಿದವರು ಯಾರೂ ಚೋಮನ ಕೇರಿಯವರಲ್ಲ. ಆದರೂ ಆ ಚಿತ್ರ ನಮಗೆ ಬೇಕು. ಆದರೆ ಒಳಗಿನವರ ಕೈಗೆ ಕ್ಯಾಮೆರಾ ಬಂದಾಗ ಕಾಣುವುದೇ ಬೇರೆ ಅನ್ನೋದಕ್ಕೆ 'ಹೋಮ್‌ಬೌಂಡ್' ಸಾಕ್ಷಿ. ತಾನು ದಲಿತ ಅಂತ ಬಹಿರಂಗವಾಗಿ ಹೇಳಿಕೊಂಡ ನಿರ್ದೇಶಕ ಘೇವಾನ್. ಅವರ ಚಂದನ್ ಅನ್ನೋ ಹುಡುಗ ಸರ್ಕಾರಿ ಕೆಲಸದ ಅರ್ಜಿಯಲ್ಲಿ ತನ್ನ ಜಾತಿ ಬರೆಯೋದಕ್ಕೆ ಹಿಂಜರಿಯುತ್ತಾನೆ. ಹೊಡೆತವಿಲ್ಲ, ರಕ್ತವಿಲ್ಲ, ಒಂದು ಕಾಗದ ಅಷ್ಟೆ. ನಮ್ಮಲ್ಲಿ ಎಷ್ಟು ಜನ ಆ ಕಾಗದದ ಮುಂದೆ ಪೆನ್ನು ಹಿಡಿದು ಕೂತಿಲ್ಲ?

ಇಷ್ಟಾದ ಮೇಲೆ ಮಾಡಬೇಕಾದ್ದೇನು? ಕಾನ್ ದೂರ ಇದೆ, ಗೋವಾ ಹತ್ತಿರ ಇದೆ, ಬೆಂಗಳೂರು ಇನ್ನೂ ಹತ್ತಿರ ಇದೆ. 2004ರಿಂದ ಗೋವಾದಲ್ಲಿ ನಡೆಯುತ್ತಿರುವ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವವೂ, 2006ರಲ್ಲಿ ಶುರುವಾದ ಬೆಂಗಳೂರಿನ ಚಿತ್ರೋತ್ಸವವೂ ಜನರ ತೆರಿಗೆ ಹಣದಲ್ಲಿ ನಡೆಯುವಂಥವು. ಆಯ್ಕೆ ಸಮಿತಿಯಲ್ಲಿ, ತೀರ್ಪುಗಾರರಲ್ಲಿ ಪರಿಶಿಷ್ಟರು ಎಷ್ಟು ಜನ ಅಂತ ಪ್ರತಿ ವರ್ಷ ಬರಹದಲ್ಲಿ ಕೇಳೋಣ, ಉತ್ತರವನ್ನು ಇಂಥ ಪತ್ರಿಕೆಗಳಲ್ಲಿ ಅಚ್ಚು ಹಾಕೋಣ. ಜೊತೆಗೆ ನಮ್ಮದೇ ತಕ್ಕಡಿಯೂ ಬೇಕು. 2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಬಾಬಾಸಾಹೇಬರು ಓದಿದ ವಿಶ್ವವಿದ್ಯಾಲಯದಲ್ಲೇ, ದಲಿತ ಚಿತ್ರೋತ್ಸವ ನಡೆಯಿತು, ಮಂಜುಳೆ, ಪಾ. ರಂಜಿತ್ ಅಲ್ಲಿಗೆ ಹೋಗಿದ್ದರು. ರಂಜಿತ್ ಅವರ ನೀಲಂ ಬಳಗ ಚೆನ್ನೈನಲ್ಲಿ ಪಿ.ಕೆ. ರೋಸಿ ಹೆಸರಲ್ಲಿ ಚಿತ್ರೋತ್ಸವ ಮಾಡಿದೆ. ಮಲಯಾಳದ ಮೊದಲ ನಾಯಕಿ ರೋಸಿ. ನಾಯರ್ ಹೆಣ್ಣಿನ ಪಾತ್ರ ಮಾಡಿದ್ದಕ್ಕೆ ಮೇಲ್ಜಾತಿಯವರು ಆ ದಲಿತ ಹೆಣ್ಣುಮಗಳನ್ನು ಊರು ಬಿಡಿಸಿದರು. ಅಂದು ಚಿತ್ರಮಂದಿರದಲ್ಲಿ ಕೂತು ತೀರ್ಪು ಕೊಟ್ಟವರು ಯಾರು ಅನ್ನೋದು ನಮಗೆ ಗೊತ್ತಿದೆ.

ಪ್ರಶಸ್ತಿ ಬೇಡ ಅಂತ ನಾವು ಹೇಳಬೇಕಾಗಿಲ್ಲ. ಕಾನ್‌ನ ಚಪ್ಪಾಳೆಯನ್ನು ಯೋಗ್ಯತಾಪತ್ರ ಅಂತ ಗೋಡೆಗೆ ತೂಗುಹಾಕಿಕೊಳ್ಳಬೇಕಾಗಿಯೂ ಇಲ್ಲ. ಚಿತ್ರ ಆರಿಸುವ ಕೋಣೆಯೊಳಗೆ ನಮಗೂ ಕುರ್ಚಿ ಬೇಕು, ಅಲ್ಲಿ ಕೂತು ಇದು ಒಳ್ಳೆಯದು, ಇದು ಕೆಟ್ಟದ್ದು ಅಂತ ಹೇಳುವ ಹಕ್ಕು ಬೇಕು. ನಮ್ಮ ಹುಡುಗರು ಮಾಡಿದ ಕೆಟ್ಟ ಚಿತ್ರವನ್ನು ಕೆಟ್ಟದ್ದು ಅನ್ನುವ ಹಕ್ಕೂ ಅದರಲ್ಲಿ ಸೇರಿದೆ.