ಕೇಳದೆ ಎಣಿಸಿದ ನೋವು

ಉಪಶಾಮಕ ಆರೈಕೆಯ ಬಗ್ಗೆ ಇಂದು ಯಾರು ಬರೆದರೂ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಕೊಟ್ಟ ವರದಿಯಿಂದಲೇ ಶುರುಮಾಡುತ್ತಾರೆ. 2015ರಲ್ಲಿ ಗಂಭೀರ ಕಾಯಿಲೆಯ ಯಾತನೆ ಉಂಡವರು ಸುಮಾರು 6.1 ಕೋಟಿ, ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಮಾರ್ಫಿನ್ ಲೆಕ್ಕದಲ್ಲಿ ಅಳೆದರೆ ಜಗತ್ತಿಗೆ ಹಂಚಿಕೆಯಾದ ನೋವುನಿವಾರಕ 298.5 ಟನ್, ಅತಿ ಬಡ ದೇಶಗಳಿಗೆ ದಕ್ಕಿದ್ದು 0.1 ಟನ್. ಈ ಎರಡು ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಆದರೆ ಅವು ಒಂದೇ ಜಾತಿಯವಲ್ಲ. ಮಾರ್ಫಿನ್ನಿನದು ಸರ್ಕಾರಗಳು ತೂಗಿ ವರದಿ ಮಾಡಿದ ಲೆಕ್ಕ. ಯಾತನೆಯದು ಅಂದಾಜು: ಇಪ್ಪತ್ತು ಬಗೆಯ ಕಾಯಿಲೆಗಳನ್ನು ಆರಿಸಿಕೊಂಡು, ಅವುಗಳಿಂದ ಸತ್ತವರ ಹಾಗೂ ಅವುಗಳೊಂದಿಗೆ ಬದುಕಿದ್ದವರ ಸಂಖ್ಯೆ ಹಿಡಿದು, ಅವರಲ್ಲಿ ಎಷ್ಟು ಜನ ಯಾವ ಲಕ್ಷಣದಿಂದ ಎಷ್ಟು ದಿನ ನರಳಿದ್ದಿರಬಹುದು ಎಂದು ತಜ್ಞರ ಮಂಡಳಿ ಹೇಳಿದ್ದನ್ನು ಗುಣಿಸಿ ತೆಗೆದದ್ದು. ಸಚಿವಾಲಯಗಳ ಬಾಗಿಲು ತಟ್ಟಲು ಈ ಸಂಖ್ಯೆ ಸಾಕಾಯಿತು, ಅದಕ್ಕಾಗಿ ಆಯೋಗಕ್ಕೆ ಋಣಿಯಾಗಿರಬೇಕು. ಹಾಗೆಂದು ಅದನ್ನು ರೋಗಿಗಳು ಕೊಟ್ಟ ಸಾಕ್ಷಿ ಎಂದು ಓದುವಂತಿಲ್ಲ.

ಇದು ಬರೀ ಲೆಕ್ಕಿಗರ ತಕರಾರಲ್ಲ. ಭಾರತದಲ್ಲಿ ಬಹುಪಾಲು ಸಾವುಗಳಿಗೆ ವೈದ್ಯರು ದೃಢೀಕರಿಸಿದ ಕಾರಣವೇ ದಾಖಲಾಗುವುದಿಲ್ಲ. ಅಂದರೆ ಗುಣಾಕಾರದ ಮೊದಲ ಅಂಕಿಯೇ ಅಲುಗಾಡುತ್ತಿದೆ. ಅದಕ್ಕಿಂತ ದೊಡ್ಡ ತೊಡಕು, ಏನನ್ನು ಯಾತನೆ ಎನ್ನಬೇಕೆಂಬುದನ್ನು ಹಾಸಿಗೆ ಹಿಡಿದವರು ತೀರ್ಮಾನಿಸಿಲ್ಲ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳನ್ನು ಕೇಳಿ ನಡೆಸಿದ ಅಧ್ಯಯನವೊಂದರಲ್ಲಿ, ಮೈ ಹಗುರಾಗುವುದಕ್ಕಿಂತ ಮನಸ್ಸಿನ ನೆಮ್ಮದಿ ಮತ್ತು ಬದುಕಿಗೆ ಅರ್ಥವಿದೆಯೆಂಬ ಭಾವನೆ ಮುಖ್ಯವೆಂದು ಅವರು ಹೇಳಿದರು. ಕೇಳದೆ ಹೋಗಿದ್ದರೆ ಇದು ಯಾರ ಕೋಷ್ಟಕಕ್ಕೂ ಬರುತ್ತಿರಲಿಲ್ಲ. ಆಫ್ರಿಕಾದ ಉಪಶಾಮಕ ಆರೈಕೆ ಸಂಘ ರೂಪಿಸಿದ ಮಾಪನ ನನಗೆ ಮೆಚ್ಚುಗೆಯಾಗುವುದು ಇದೇ ಕಾರಣಕ್ಕೆ. ಅದರಲ್ಲಿರುವುದು ಹತ್ತೇ ಪ್ರಶ್ನೆ, ಏಳು ರೋಗಿಗೆ, ಮೂರು ಮನೆಯವರಿಗೆ. ನೋವಿನ ಜೊತೆಗೆ ಚಿಂತೆ, ಅನಿಸಿದ್ದನ್ನು ಯಾರೊಂದಿಗಾದರೂ ಹೇಳಿಕೊಳ್ಳಲಾಯಿತೇ ಎಂಬುದು, ನೆಮ್ಮದಿ ಎಲ್ಲವನ್ನೂ ಸೊನ್ನೆಯಿಂದ ಐದರವರೆಗೆ ಅಳೆಯುತ್ತದೆ. ಐದರವರೆಗಷ್ಟೇ ಎಣಿಸಿದರೆ ಸಾಕೆಂದದ್ದು ಜಾಣತನ. ಓದು ಬರಹ ಬಾರದವರೂ ಬೆರಳು ಮಡಚಿ ಬಿಚ್ಚಿ ಉತ್ತರ ಹೇಳಬಹುದು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ ಎಂದಾಗ, ಮಗಳು ಪಕ್ಕದಲ್ಲೇ ಕೂತಿರುವಾಗ, ನಮ್ಮ ಹಿರಿಯರು ‘ಪರವಾಗಿಲ್ಲ’ ಎಂದುಬಿಡುವುದನ್ನು ಮನೆಭೇಟಿಯ ನರ್ಸ್‌ಗಳೆಲ್ಲ ಬಲ್ಲರು. ಆ ‘ಪರವಾಗಿಲ್ಲ’ಕ್ಕೆ ಎಷ್ಟು ಅಂಕ?

ಮೊದಲು ಮಾರ್ಫಿನ್ ಕೊಡಿ, ಸಂಶೋಧನೆ ಆಮೇಲೆ ಎನ್ನುವವರಿದ್ದಾರೆ. ಕೈಯಲ್ಲಿರುವ ಪುಡಿಗಾಸನ್ನು ಪ್ರಶ್ನಾವಳಿಗೆ ಸುರಿಯುವುದು ಅನ್ಯಾಯವೆಂಬ ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಭಾರತದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಬಳಕೆ ಪಾತಾಳಕ್ಕಿಳಿಯಿತು. ಲೈಸೆನ್ಸಿನ ಮೇಲೆ ಲೈಸೆನ್ಸು, ಶಿಕ್ಷೆಯ ಭಯ, ಔಷಧಿ ಅಂಗಡಿಯವರಿಗೆ ಇಡುವ ಧೈರ್ಯವಿಲ್ಲ. ಮನೆಗೆ ಕೊಟ್ಟು ಕಳಿಸಿದರೆ ಮಾದಕ ವ್ಯಸನಿಗಳ ಕೈ ಸೇರುತ್ತದೆಂಬುದು ಅಧಿಕಾರಿಗಳ ವಾದ. ಅದಕ್ಕೆ ಉತ್ತರ ಕೊಟ್ಟದ್ದು ಕರುಣೆಯ ಭಾಷಣವಲ್ಲ. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಶುರುವಾದ ಉಪಶಾಮಕ ಚಿಕಿತ್ಸಾಲಯದ ದಾಖಲೆಗಳನ್ನು ಜಾಲಾಡಿ, ಮನೆಯಲ್ಲೇ ಮಾರ್ಫಿನ್ ನುಂಗುವ ರೋಗಿಗಳಿಂದ ಔಷಧಿ ಅಡ್ಡದಾರಿ ಹಿಡಿದಿಲ್ಲವೆಂದು ಎಂ.ಆರ್. ರಾಜಗೋಪಾಲ್ ಮತ್ತು ಸಹಲೇಖಕರು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದರು. ಕಾಯ್ದೆ ತಿದ್ದುಪಡಿಯಾಗಿ ಬಿಗಿ ಸಡಿಲಾದದ್ದು 2014ರಲ್ಲಿ; ಒಂದು ಲೇಖನದಿಂದಲೇ ಆಯಿತೆಂದರೆ ಅತಿಶಯೋಕ್ತಿ. ಆದರೆ ಅಧಿಕಾರಿಯ ಮೇಜಿನ ಮೇಲೆ ಇಡಲು ಏನಾದರೂ ಇತ್ತಲ್ಲ. ಆ ಸಂಶೋಧನೆಗೆ ಬೇಕಾದದ್ದು ಸರಿಯಾಗಿ ಇಟ್ಟ ರಿಜಿಸ್ಟರು, ಅದನ್ನು ಓದುವ ಪುರುಸೊತ್ತು.

ವಿಪರ್ಯಾಸವೆಂದರೆ ಅದೇ ಕೇರಳದ ಮುಂದಿನ ಅಧ್ಯಾಯ ತನ್ನ ಖ್ಯಾತಿಗೆ ತಕ್ಕಷ್ಟು ಅಧ್ಯಯನಕ್ಕೆ ಒಳಗಾಗಿಲ್ಲ. ಮಲಪ್ಪುರಂನಲ್ಲಿ ಬೆಳೆದ ನೆರೆಹೊರೆಯ ಸ್ವಯಂಸೇವಕರ ಜಾಲ, 2008ರ ರಾಜ್ಯ ನೀತಿ, ಇವನ್ನು ಜಗತ್ತೇ ಹೊಗಳಿದೆ. ಎಷ್ಟು ಘಟಕ, ಎಷ್ಟು ಮನೆಭೇಟಿ ಎಂಬ ಲೆಕ್ಕ ಧಾರಾಳವಾಗಿ ಸಿಗುತ್ತದೆ. ಭೇಟಿಯಾದ ಮೇಲೆ ರೋಗಿಯ ರಾತ್ರಿಯ ನಿದ್ದೆ ಎಷ್ಟು ಸುಧಾರಿಸಿತು, ಮನೆಯವರ ಸಾಲ ಎಷ್ಟು ತಪ್ಪಿತು ಎಂದು ಹುಡುಕಿದರೆ ಸಿಗುವುದು ಕಡಿಮೆ. 2016ರಲ್ಲಿ ತನ್ನದೇ ನೀತಿ ರೂಪಿಸಿದ ಕರ್ನಾಟಕ ಕೇರಳದ ಜಾಲವನ್ನು ಅನುಕರಿಸುವುದಾದರೆ ಈ ಕೊರತೆಯನ್ನೂ ಅನುಕರಿಸಬೇಕಿಲ್ಲ.

ಸಾಯುತ್ತಿರುವವರನ್ನು ಪ್ರಶ್ನೆಗಳಿಂದ ಕಾಡುವುದು ಕ್ರೌರ್ಯವೆಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ನಲವತ್ತು ಪುಟದ ನಮೂನೆ ಖಂಡಿತ ಕ್ರೌರ್ಯವೇ. ಹೇಗೂ ಕೇಳಲೇಬೇಕಾದ ಹತ್ತು ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟು, ಮುಂದಿನ ವಾರ ಅದನ್ನು ನೋಡಿ ಔಷಧಿ ಬದಲಿಸುವುದು ಆರೈಕೆಯೇ. ಊರೂರಿನ ಅಳತೆಗೋಲು ಬೇರೆಯಾದರೆ ಹೋಲಿಕೆ ಹೇಗೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಬಾಸ್ಟನ್ನಿನಲ್ಲಿ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗ, ಆರಂಭದಲ್ಲೇ ಉಪಶಾಮಕ ಆರೈಕೆ ಸಿಕ್ಕವರು ನೆಮ್ಮದಿಯಾಗಿದ್ದರೆಂದೂ ಹೆಚ್ಚು ಕಾಲ ಬದುಕಿದರೆಂದೂ ತೋರಿಸಿ ಎಲ್ಲೆಡೆ ಮಾದರಿಯಾಗಿದೆ. ಆದರೆ ಆ ಪ್ರಯೋಗ ಶುರುವಾದದ್ದೇ ರೋಗ ಪತ್ತೆಯಾದ ಎಂಟು ವಾರಗಳೊಳಗೆ. ನಮ್ಮಲ್ಲಿ ಎಷ್ಟೋ ಜನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ, ಜಮೀನು ಅಡವಿಟ್ಟಾಗಿರುತ್ತದೆ. ಹೋಲಿಕೆಗಾಗಿ ಕೆಲವು ಪ್ರಶ್ನೆ ಎಲ್ಲರಿಗೂ ಸಮಾನವಾಗಿರಲಿ. ಅಡವಿನ ಪ್ರಶ್ನೆಯನ್ನು ಮಾತ್ರ ಬಾಸ್ಟನ್ನಿನಿಂದ ತರಿಸಿಕೊಳ್ಳಲಾಗದು. ಅದನ್ನು ಸೇರಿಸಬೇಕಾದವರು ಮನೆಭೇಟಿಗೆ ಹೋಗುವವರು, ಸಂಶೋಧನಾ ಪ್ರಬಂಧದಲ್ಲಿ ಅವರ ಹೆಸರೂ ಲೇಖಕರ ಸಾಲಿನಲ್ಲಿ ಬರಬೇಕು.