ಹಾಸನ ಸೀಮೆಯ ಊರುಕಥೆಗಳು: ಒಂದು ವಿಮರ್ಶೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಹುಟ್ಟಿನ ಬಗೆಗೆ ಪ್ರಚಾರದಲ್ಲಿರುವ ಐತಿಹ್ಯಗಳು ಜಿಲ್ಲೆಯ ವಿದ್ಯಾವಂತರಿಗೆಲ್ಲ ಪರಿಚಿತವಾದುವೇ ಸರಿ. ಅವು ಹಲವು ಗ್ರಂಥಗಳಲ್ಲಿ ಅಚ್ಚಾಗಿವೆ. ಶಾಲೆಯ ಪಾಠಗಳಲ್ಲಿಯೂ ಉತ್ಸವಪತ್ರಿಕೆಗಳಲ್ಲಿಯೂ ಸೇರಿಹೋಗಿವೆ. ಹೀಗೆ ಬಹುಕಾಲದಿಂದ ಮನ್ನಣೆ ಪಡೆದ ಕಥೆಗಳನ್ನು ಇತಿಹಾಸದ ವಿದ್ಯಾರ್ಥಿಗಳು ಯಾವ ರೀತಿಯಲ್ಲಿ ಓದಬೇಕೆಂಬುದೇ ಇಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ. ಇವೆಲ್ಲ ಕಟ್ಟುಕಥೆಗಳೆಂದು ತಳ್ಳಿಹಾಕುವವರು ಒಂದು ಕಡೆ. ಜನರ ಬಾಯಲ್ಲಿ ಉಳಿದುದೆಲ್ಲವೂ ನಡೆದುದೇ ಎಂದು ನಂಬುವವರು ಇನ್ನೊಂದು ಕಡೆ. ಈ ಎರಡು ಮಾರ್ಗಗಳೂ ನಮಗೆ ಸಮ್ಮತವಲ್ಲ.

ಮೊದಲು ಆಕರದ ವಿಚಾರ. ನಾಲ್ಕು ಊರುಗಳ ಸ್ಥಾಪನೆಯ ಕಥೆಗಳೂ ಇಂದಿನ ರೂಪದಲ್ಲಿ ನಮಗೆ ದೊರೆತಿರುವುದು ಮುಖ್ಯವಾಗಿ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಿಂದ. ಅದರ ಪರಿಷ್ಕೃತ ಆವೃತ್ತಿ ಪ್ರಕಟವಾದುದು ೧೮೯೭ರಲ್ಲಿ. ಹಾಸನ ಜಿಲ್ಲೆಯ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟ ಹೊರಬಂದುದು ೧೯೦೨ರಲ್ಲಿ. ಎಂದರೆ, ಕಥೆ ಅಚ್ಚಾದದ್ದು ಮೊದಲು, ಕಲ್ಲಿನ ಬರಹ ಅಚ್ಚಾದದ್ದು ಅನಂತರ. ಶಾಸನ ಸಂಪುಟವನ್ನೂ ಸಿದ್ಧಪಡಿಸಿದವರು ರೈಸರೇ ಆದುದರಿಂದ ಅವರ ಶ್ರದ್ಧೆಯನ್ನು ಶಂಕಿಸಲು ಕಾರಣವಿಲ್ಲ. ಆದರೆ ಅವರ ಗೆಜೆಟಿಯರಿನ ವಾಕ್ಯಗಳನ್ನು ಶಾಸನಗಳೊಡನೆ ಹೋಲಿಸದೆ ಎತ್ತಿ ಬರೆಯುವ ಪದ್ಧತಿ ಮುಂದೆ ಬೆಳೆಯಿತು. ನಮ್ಮ ಆಕ್ಷೇಪಣೆ ಇರುವುದು ಈ ಪದ್ಧತಿಯ ಮೇಲೆ.

ಹಾಸನದ ಕಥೆಯನ್ನೇ ತೆಗೆದುಕೊಳ್ಳೋಣ. ಗೆಜೆಟಿಯರು ನಿರೂಪಿಸುವಂತೆ, ಮೂಲ ಊರು ಪಕ್ಕದ ಚನ್ನಪಟ್ಟಣ. ಅದನ್ನು ಹನ್ನೊಂದನೆಯ ಶತಮಾನದಲ್ಲಿ ಚೋಳರ ಅಧಿಕಾರಿಯಾದ ಬುಕ್ಕನಾಯಕನು ಸ್ಥಾಪಿಸಿದನು. ಅನಂತರ ಅದು ಹೊಯ್ಸಳ ದೊರೆಯಿಂದ ಸಂಜೀವ ಕೃಷ್ಣಪ್ಪ ನಾಯಕನಿಗೆ ಬಂದಿತು. ಒಂದು ದಿನ ಮೊಲವೊಂದು ಎದ್ದು ಓಡಿ ಊರಬಾಗಿಲನ್ನು ಹೊಕ್ಕಿತು. ಅಪಶಕುನವಾಯಿತೆಂದು ನಾಯಕನು ಕೊರಗುತ್ತಿರಲು ದೇವಿಯು ಪ್ರತ್ಯಕ್ಷಳಾಗಿ, ಮೊಲ ಎದ್ದ ಸ್ಥಳದಲ್ಲಿಯೇ ಕೋಟೆಯನ್ನು ಕಟ್ಟುವಂತೆ ಅಪ್ಪಣೆ ಕೊಟ್ಟಳು. ಆ ದೇವಿಯ ಹೆಸರಿನಿಂದ ಊರಿಗೆ ಹಾಸನವೆಂದು ಹೆಸರಾಯಿತು.

ಇದರಲ್ಲಿ ಮೂರು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು ಹೆಸರುಗಳು. ಬುಕ್ಕ ಎಂಬ ಹೆಸರು ಕನ್ನಡ ನಾಡಿನಲ್ಲಿ ಪ್ರಸಿದ್ಧವಾದುದು ಹದಿನಾಲ್ಕನೆಯ ಶತಮಾನದ ವಿಜಯನಗರದ ಅರಸನಿಂದ. ಕೃಷ್ಣಪ್ಪ ನಾಯಕ ಎಂಬ ಹೆಸರಾದರೋ ಇದೇ ಸೀಮೆಯಲ್ಲಿ ಹದಿನಾರನೆಯ ಶತಮಾನದ ಬೇಲೂರು ನಾಯಕರ ಮನೆತನದಲ್ಲಿ ಮೆರೆದುದು. ಎರಡನೆಯದು ಮೊಲ. ವಿಜಯನಗರದ ಸ್ಥಾಪನೆಯ ಕಥೆಯಲ್ಲಿಯೂ ಮೊಲವುಂಟು, ಬುಕ್ಕನೂ ಉಂಟು. ಎರಡೂ ಒಂದೇ ಕಥೆಯಲ್ಲಿ ಮತ್ತೆ ಕೂಡಿಬಂದಿರುವುದು ಕೇವಲ ಆಕಸ್ಮಿಕವೆಂದು ನಂಬುವುದು ಕಷ್ಟ. ನಾಯಕರ ಕಾಲದಲ್ಲಿ ವಿಜಯನಗರದ ಕಥೆಯ ನೆರಳು ಹಾಸನದ ಕಥೆಯ ಮೇಲೆ ಬಿದ್ದಿರಬೇಕೆಂಬುದು ನಮ್ಮ ಊಹೆ. ಮೂರನೆಯದು, ಕಥೆಗಳೆರಡರ ವ್ಯತ್ಯಾಸ. ವಿಜಯನಗರದಲ್ಲಿ ಮೊಲವು ಬೇಟೆನಾಯಿಗಳನ್ನು ಎದುರಿಸುತ್ತದೆ. ಅದು ಗಂಡುಮೆಟ್ಟಿನ ನೆಲದ ಸೂಚನೆ. ಹಾಸನದಲ್ಲಿ ಮೊಲವು ಅಶುಭ. ಅದನ್ನು ಶುಭವನ್ನಾಗಿ ಮಾಡುವವಳು ದೇವಿ. ಆದುದರಿಂದ ಎರಡನ್ನೂ ‘ಮೊಲದ ಕಥೆ’ಯೆಂದು ಒಂದೇ ಗುಂಪಿಗೆ ಸೇರಿಸಿದರೆ ಮುಖ್ಯವಾದುದೇ ಕೈತಪ್ಪುತ್ತದೆ. ಹಾಸನದ ಕಥೆಯಲ್ಲಿ ಅಧಿಕಾರವಿರುವುದು ಬೇಟೆಗಾರನ ಕೈಯಲ್ಲಲ್ಲ, ನೆಲದ ತಾಯಿಯ ಕೈಯಲ್ಲಿ.

ಆ ತಾಯಿಯಾದರೂ ಯಾರು? ಗುಡಿಯಲ್ಲಿ ಹಾಸನಾಂಬೆಯ ಪೂಜೆ ನಡೆಯುವುದು ಮೂರು ಹುತ್ತಗಳ ರೂಪದಲ್ಲಿ. ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ತೆರೆಯುವ ಬಾಗಿಲು ದೀಪಾವಳಿ ಮುಗಿಯುತ್ತಲೆ ಮುಚ್ಚುತ್ತದೆ. ಪುರಾಣದ ಪ್ರಕಾರ ಸಪ್ತಮಾತೃಕೆಯರು ಕಾಶಿಯಿಂದ ಬಂದು, ವೈಷ್ಣವಿ, ಮಾಹೇಶ್ವರಿ, ಕೌಮಾರಿಯರು ಈ ಹುತ್ತಗಳಲ್ಲಿಯೂ, ವಾರಾಹಿ, ಇಂದ್ರಾಣಿ, ಚಾಮುಂಡಿಯರು ದೇವಿಗೆರೆಯಲ್ಲಿಯೂ, ಬ್ರಾಹ್ಮಿಯು ಕೆಂಚಮ್ಮನ ಹೊಸಕೋಟೆಯಲ್ಲಿಯೂ ನೆಲಸಿದರು. ಹಾಸನವೆಂಬ ಹೆಸರು ಸಿಂಹಾಸನಪುರಿಯಿಂದ ಬಂದಿತೆಂದೂ ಅದು ಜನಮೇಜಯನಿಗೆ ಸಂಬಂಧಿಸಿದುದೆಂದೂ ಸ್ಥಳಪುರಾಣ ಬೇರೆ ಹೇಳುತ್ತದೆ. ಇಲ್ಲಿ ಎರಡು ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಕೆಳಗಿನದು ಹುತ್ತ, ಕೆರೆ, ‘ಅಮ್ಮ’ ಎಂದು ಕೊನೆಗೊಳ್ಳುವ ಊರದೇವಿಯ ಹೆಸರು. ಮೇಲಿನದು ಕಾಶಿ, ಮಾತೃಕೆಯರು, ಜನಮೇಜಯ. ನಗುಮುಖದವಳೆಂಬ ಅರ್ಥವಾದರೂ ಊರವರ ಅಮ್ಮನ ಬಳಿಯೇ ನಿಲ್ಲುತ್ತದೆ. ಸಿಂಹಾಸನವೆಂಬ ಅರ್ಥವು ಅವಳನ್ನು ಬಿಟ್ಟು ಅರಸನ ಬಳಿಗೆ ಹೋಗುತ್ತದೆ.

ಹೊಳೆನರಸೀಪುರದಲ್ಲಿ ಇದೇ ಏರಿಕೆಯ ಇನ್ನೊಂದು ಬಗೆಯನ್ನು ಕಾಣುತ್ತೇವೆ. ಅಲ್ಲಿಯ ಕೋಟೆಯನ್ನು ನರಸಿಂಹ ನಾಯಕನೆಂಬ ಪಾಳೆಯಗಾರನು ೧೧೬೮ರಲ್ಲಿ ಕಟ್ಟಿದನೆಂದೂ ಅವನ ವಂಶದವರಿಂದ ೧೬೬೭ರಲ್ಲಿ ಮೈಸೂರಿನವರು ಗೆದ್ದುಕೊಂಡರೆಂದೂ ಗೆಜೆಟಿಯರಿನ ಹೇಳಿಕೆ. ಒಂದು ಪಾಳೆಯಗಾರ ಮನೆತನ ಒಂದೇ ಕೋಟೆಯಲ್ಲಿ ೪೯೯ ವರ್ಷ ಆಳಿತೆಂಬುದನ್ನು ಪ್ರಬಲವಾದ ಆಧಾರವಿಲ್ಲದೆ ಒಪ್ಪಲಾಗದು. ೧೧೬೮ ಹೊಯ್ಸಳ ಒಂದನೆಯ ನರಸಿಂಹನ ಆಳ್ವಿಕೆಯ ಕಾಲವೆಂಬುದನ್ನು ನೆನೆದರೆ ಗಂಟು ಸಡಿಲವಾಗುತ್ತದೆ. ದೇವರು ನರಸಿಂಹ, ದೊರೆ ನರಸಿಂಹ, ನಾಯಕ ನರಸಿಂಹ. ಮೂವರ ಹೆಸರೂ ಒಂದೇ ಆದಾಗ, ಈಚಿನವನಿಗೆ ಹಿಂದಿನವನ ಕಾಲ ಅಂಟಿಕೊಳ್ಳುವುದು ಸಹಜ.

ಅರಕಲಗೂಡಿನ ವಿಷಯ ಹೆಚ್ಚು ನಂಬಲರ್ಹವಾದುದು. ಐಗೂರು ನಾಯಕರಲ್ಲೊಬ್ಬನಾದ ಕೃಷ್ಣಪ್ಪ ನಾಯಕನು ಸುಮಾರು ೧೫೬೮ರಲ್ಲಿ ಊರನ್ನು ಕಟ್ಟಿಸಿದನೆಂಬುದು, ೧೫೬೫ರ ಯುದ್ಧದ ಅನಂತರ ನಾಯಕರು ತಲೆಯೆತ್ತಿದ ಕಾಲಕ್ಕೆ ಒಪ್ಪುತ್ತದೆ. ಗೌತಮ ಋಷಿಯು ಅರ್ಕೇಶ್ವರನನ್ನು ಪ್ರತಿಷ್ಠಿಸಿದನೆಂಬುದು ಮೇಲಿನ ಪದರ. ‘ಅರ್ಕನ ಗೂಡು’ ಎಂಬ ಬಿಡಿಸುವಿಕೆ ಸೊಗಸಾಗಿದ್ದರೂ, ಹೆಸರಿನ ನಡುವಣ ಲಕಾರಕ್ಕೆ ಅದು ಸಮಾಧಾನ ಹೇಳುವುದಿಲ್ಲ. ಚನ್ನರಾಯಪಟ್ಟಣದ ಕಥೆಯಲ್ಲಿ ಋಷಿಯೂ ಇಲ್ಲ, ಮೊಲವೂ ಇಲ್ಲ. ಕೊಳತೂರೆಂಬ ಅಗ್ರಹಾರವನ್ನು ಸುಮಾರು ೧೬೦೦ರಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನು ವಶಪಡಿಸಿಕೊಂಡು, ಚನ್ನರಾಯಸ್ವಾಮಿಯ ವರದಿಂದ ಹುಟ್ಟಿದ ಮಗನಿಗೆ ಜಹಗೀರಿಯಾಗಿ ಕೊಟ್ಟನು. ಮಗನ ಹೆಸರೇ ಊರಿಗಾಯಿತು. ಸಮೀಪಕಾಲದ ಕಥೆ ಹೀಗೆ ಮಿತವಾಗಿರುವುದೂ, ಹಿಂದೆ ಹೋದಷ್ಟೂ ಅಲಂಕಾರ ಹೆಚ್ಚುವುದೂ ಗಮನಾರ್ಹ.

ಇನ್ನು ಊರು ಕಟ್ಟಿದವರ ಕಥೆಗಳಲ್ಲದ ಎರಡು ಐತಿಹ್ಯಗಳನ್ನು ನೋಡೋಣ. ಹಾಸನಾಂಬೆಯ ಗುಡಿಯಲ್ಲಿ ‘ಸೊಸೆಕಲ್ಲು’ ಎಂಬುದುಂಟು. ದಿನವೂ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಹಿಂಬಾಲಿಸಿ ಬಂದ ಅತ್ತೆಯು ಅವಳನ್ನು ಹೊಡೆದಳು. ಸೊಸೆ ತಾಯಿಯನ್ನು ಕೂಗಿಕೊಂಡಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲಿರಿಸಿಕೊಂಡಳು. ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದೂ, ಪಾದವನ್ನು ಮುಟ್ಟಿದ ದಿನ ಕಲಿಯುಗ ಮುಗಿಯುವುದೆಂದೂ ನಂಬಿಕೆ. ಇಲ್ಲಿ ಅರಸನಿಲ್ಲ, ಇಸವಿಯಿಲ್ಲ. ಆ ಹೆಣ್ಣುಮಗಳಿಗೆ ಹೆಸರೂ ಇಲ್ಲ. ಆದುದರಿಂದಲೇ ಊರಿನ ಇತಿಹಾಸ ಬರೆಯುವವರಿಗೆ ಇದು ಬೇಕಾಗುವುದಿಲ್ಲ. ಆದರೆ ಗಂಡನ ಮನೆಯಲ್ಲಿ ನೊಂದ ಹೆಣ್ಣಿಗೆ ಗುಡಿಯೊಂದೇ ಆಸರೆಯಾಗಿದ್ದ ಕಾಲದ ಸಾಕ್ಷ್ಯ, ನಾಯಕರ ವಂಶಾವಳಿಯಲ್ಲಿ ಸಿಕ್ಕದು. ಈ ಕಲ್ಲಿನಲ್ಲಿ ಸಿಕ್ಕುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆಯೂ ಅಂಥದೇ. ಹತ್ತನೆಯ ಶತಮಾನದ ಕೊನೆಯಲ್ಲಿ ಗೊಮ್ಮಟನ ಮೂರ್ತಿಯನ್ನು ಮಾಡಿಸಿದವನು ಗಂಗರ ಮಂತ್ರಿ ಚಾವುಂಡರಾಯನೆಂಬುದು ಮೂರ್ತಿಯ ಪಾದದ ಬಳಿಯ ಶಾಸನಗಳಿಂದಲೇ ಸಿದ್ಧವಾಗಿದೆ. ಸುಮಾರು ೧೧೮೦ರ ಬೊಪ್ಪಣನ ಶಾಸನ ಹೇಳುವ ಕಥೆ, ಭರತನು ಪೌದನಪುರದಲ್ಲಿ ಮಾಡಿಸಿದ ಮೂರ್ತಿಗೆ ಸಂಬಂಧಿಸಿದುದು. ಜನ ಮರೆಯದೆ ಹೇಳುವುದಾದರೋ ಅಜ್ಜಿಯ ಕಥೆಯನ್ನು: ಮಂತ್ರಿಯ ಕೊಡಗಟ್ಟಲೆ ಹಾಲು ಮೂರ್ತಿಯ ಪಾದವನ್ನು ಮುಟ್ಟಲಿಲ್ಲ, ಬಡಮುದುಕಿಯ ಗುಳ್ಳಕಾಯಿಯಲ್ಲಿದ್ದ ಹಾಲು ಮೈಯೆಲ್ಲ ತೋಯಿಸಿ ಹರಿಯಿತು. ಮುಂದೆ ಆ ಮುದುಕಿ ಕೂಷ್ಮಾಂಡಿನೀ ಯಕ್ಷಿಯೇ ಆದಳು. ಹುತ್ತವನ್ನು ಮಾತೃಕೆಯನ್ನಾಗಿಸಿದ ಕೈಯೇ ಅಜ್ಜಿಯನ್ನು ಯಕ್ಷಿಯನ್ನಾಗಿಸಿತು. ಗೌರವಿಸಬೇಕೆಂಬ ಬಯಕೆಯಿಂದಲೇ ಹೀಗಾಗಿರಬಹುದು. ಆದರೆ ಬಡವಿಯ ಗೆಲವು ದೇವತೆಯ ಲೀಲೆಯಾದೊಡನೆ ಕಥೆಯ ಮೊನೆ ಮೊಂಡಾಯಿತು.

ಮೇಲಿನ ವಿಮರ್ಶೆಯಿಂದ ನಾವು ಮುಟ್ಟುವ ನಿರ್ಣಯ ಇಷ್ಟು. ಐತಿಹ್ಯವು ತಾನು ಹೇಳುವ ಕಾಲಕ್ಕಿಂತ, ತನ್ನನ್ನು ಹೇಳಿದವರ ಕಾಲಕ್ಕೆ ಹೆಚ್ಚಿನ ಸಾಕ್ಷಿ. ಬರಹಕ್ಕೆ ಬಂದಂತೆಲ್ಲ ಅದು ಮೇಲಕ್ಕೇರುತ್ತದೆ: ಅಮ್ಮನಿಂದ ಅರಸನಿಗೆ, ಅರಸನಿಂದ ಪುರಾಣಕ್ಕೆ. ಅಚ್ಚಾದ ರೂಪವು ಮರಳಿ ಜನರ ಬಾಯಿಗೆ ಬಂದು ಉಳಿದ ಪಾಠಗಳನ್ನು ಅಳಿಸುತ್ತದೆ. ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಒಂದೊಂದು ಕಥೆಯನ್ನೂ ಹೇಳಿದವರ ನುಡಿಯಲ್ಲಿಯೇ ಬರೆದುಕೊಂಡು, ಎಲ್ಲಿ, ಎಂದು, ಯಾವ ಸಂದರ್ಭದಲ್ಲಿ ಕೇಳಿದೆವೆಂಬುದನ್ನು ಗುರುತಿಸಬೇಕು. ಅನಂತರವೇ ಶಾಸನದೊಡನೆಯೂ ಗೆಜೆಟಿಯರಿನೊಡನೆಯೂ ಹೋಲಿಸಬೇಕು. ಹೊಂದದ ಪಾಠಗಳನ್ನು ತಿದ್ದಿ ಒಂದಾಗಿಸುವ ಆತುರ ಬೇಡ. ಕಲ್ಲಿನ ಬರಹ ಇನ್ನೂ ಬಹುಕಾಲ ಕಾಯಬಲ್ಲದು. ಬಾಯಿಮಾತು ಹೇಳುವವರೊಡನೆಯೇ ಹೋಗಿಬಿಡುತ್ತದೆ.