ಆರ್‌ಸಿಮ್: ಅನುಕರಣದ ಪ್ರಾಮಾಣ್ಯ

ಇನ್ನೂ ಕಟ್ಟದಿರುವ ಕಂಪ್ಯೂಟರಿನ ಗುಣದೋಷಗಳನ್ನು ಮೊದಲೇ ಅಳೆಯುವುದಕ್ಕೆ ಅದರ ಶಿಲ್ಪಿಗಳು ಆಶ್ರಯಿಸುವ ಮುಖ್ಯ ಸಾಧನವು ಸಿಮ್ಯುಲೇಟರ್. ಎಂದರೆ, ಒಂದು ಯಂತ್ರದ ನಡೆಯನ್ನು ಮತ್ತೊಂದರ ಮೇಲೆ ಅನುಕರಿಸಿ ತೋರಿಸುವ ಪ್ರೋಗ್ರಾಮು. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ವಿಜಯ್ ಪೈ, ಪಾರ್ಥಸಾರಥಿ ರಂಗನಾಥನ್, ಸರಿತಾ ಆಡ್ವೆ ಇವರು ರಚಿಸಿ 1997ರಲ್ಲಿ ಹೊರತಂದ ಆರ್‌ಸಿಮ್ ಈ ಜಾತಿಗೆ ಸೇರಿದುದು. ಹಲವು ಪ್ರೊಸೆಸರುಗಳು ಒಂದೇ ಮೆಮೊರಿಯನ್ನು ಹಂಚಿಕೊಂಡು ದುಡಿಯುವ ಯಂತ್ರಗಳು ಇದರ ವಿಷಯ.

ಆಗ ರೂಢಿಯಲ್ಲಿದ್ದ ಸಿಮ್ಯುಲೇಟರುಗಳು ಒಂದು ಆದೇಶವು ಮುಗಿದ ಬಳಿಕವೇ ಮತ್ತೊಂದನ್ನು ಕೈಗೊಳ್ಳುವ ಸರಳ ಪ್ರೊಸೆಸರನ್ನು ಕಲ್ಪಿಸಿಕೊಂಡಿದ್ದುವು. ಆದರೆ ಆ ವೇಳೆಗೆ ಬಳಕೆಗೆ ಬಂದಿದ್ದ ಪ್ರೊಸೆಸರುಗಳು ಏಕಕಾಲದಲ್ಲಿ ಹಲವು ಆದೇಶಗಳನ್ನು, ಬೇಕಾದರೆ ಕ್ರಮ ತಪ್ಪಿಸಿಯೂ, ನಡೆಸಬಲ್ಲುವಾಗಿದ್ದುವು. ಮೆಮೊರಿಗೆ ಕಳುಹಿದ ಒಂದು ಬೇಡಿಕೆಗೆ ಉತ್ತರ ಬರುವುದರೊಳಗೆ ಇನ್ನೊಂದನ್ನೂ ಕಳುಹಿಬಿಟ್ಟರೆ ಎರಡು ನಿರೀಕ್ಷೆಗಳು ಒಂದರೊಳಗೊಂದು ಅಡಗುತ್ತವೆ. ಸರಳ ಮಾದರಿಗೆ ಇದು ಕಾಣದು. ಅದರ ವೇಗವನ್ನು ಲೆಕ್ಕದಲ್ಲಿ ಹೆಚ್ಚಿಸಿಕೊಂಡರೂ ಕಾಣದು. 1997ರ ಲೇಖನದಲ್ಲಿ ಇವರು ತೋರಿಸಿದಂತೆ, ಹೆಚ್ಚು ಬಳಕೆಯಲ್ಲಿದ್ದ ಮಾದರಿಯು ಕಾಲಗಣನೆಯಲ್ಲಿ ಶೇಕಡಾ 26ರಿಂದ 192ರವರೆಗೆ ತಪ್ಪುತ್ತಿತ್ತು. ಅತ್ಯುತ್ತಮವಾದುದು ಸಹ ಶೇಕಡಾ 8ರಷ್ಟು ಕಡಮೆಯಿಂದ 73ರಷ್ಟು ಹೆಚ್ಚಿನವರೆಗೆ ಅಲೆಯುತ್ತಿತ್ತು. ಹೊಸ ಪ್ರೊಸೆಸರು ತನ್ನ ಗಣನೆಯ ಕಾಲವನ್ನು ಬಹಳ ಮಟ್ಟಿಗೆ ತಗ್ಗಿಸಿದರೂ ಮೆಮೊರಿಗಾಗಿ ಕಾಯುವ ಕಾಲವನ್ನು ಅಷ್ಟು ತಗ್ಗಿಸಲಾರದು, ಆದುದರಿಂದ ಈ ಕಾಯುವಿಕೆಯೇ ಒಟ್ಟು ಕಾಲದ ಹೆಚ್ಚಿನ ಪಾಲಾಗುತ್ತದೆ ಎಂಬ ಅವರ ನಿರ್ಣಯವು ಬೆಲೆಯುಳ್ಳದ್ದು.

ಆದರೂ ಒಂದು ಆಕ್ಷೇಪಣೆಗೆ ಎಡೆಯಿದೆ. ಇಲ್ಲಿ 'ತಪ್ಪು' ಎಂದುದು ಯಾವುದಕ್ಕೆ ಹೋಲಿಸಿ? ಕಬ್ಬಿಣದ ಯಂತ್ರಕ್ಕಲ್ಲ, ಆರ್‌ಸಿಮ್‌ಗೇ. ಚಿತ್ರವನ್ನು ಮತ್ತೊಂದು ಚಿತ್ರದಿಂದ ತಿದ್ದಿದಂತಾಯಿತಲ್ಲದೆ ಮೂಲವನ್ನು ಕಂಡವರಾರೂ ಇಲ್ಲ. ಮೇಲಾಗಿ ಆರ್‌ಸಿಮ್ ಬಳಕೆದಾರನ ಪ್ರೋಗ್ರಾಮನ್ನು ಮಾತ್ರ ಅನುಕರಿಸುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ನಡೆಯನ್ನು ಬಿಟ್ಟಿದೆ. ವೈಜ್ಞಾನಿಕ ಗಣನೆಯಲ್ಲಿ ಈ ಲೋಪವು ಸಹ್ಯ. ವ್ಯಾಪಾರದ ದಫ್ತರಗಳನ್ನು ನಡೆಸುವ ಯಂತ್ರಕ್ಕೆ ಅದೇ ಮಾತನ್ನು ಹೇಳುವುದು ಕಷ್ಟ.

ಮೂಲದೊಡನೆ ಹೋಲಿಸುವ ಕೆಲಸವನ್ನು ಸ್ಟ್ಯಾನ್‌ಫರ್ಡಿನ ವಿದ್ವಾಂಸರು ತಮ್ಮ ಫ್ಲಾಷ್ ಯಂತ್ರವನ್ನು ಕಟ್ಟಿದ ಮೇಲೆ ಕೈಗೊಂಡು 2000ದಲ್ಲಿ ಪ್ರಕಟಿಸಿದರು. ಮುಖ್ಯವಾದ ಪರಿಣಾಮಗಳನ್ನೆಲ್ಲ ಒಳಗೊಂಡಿದ್ದರೆ ಸಿಮ್ಯುಲೇಟರುಗಳಲ್ಲಿ ಹೆಚ್ಚಿನವು ಪ್ರವೃತ್ತಿಗಳನ್ನು ಸರಿಯಾಗಿಯೇ ಮುನ್ಸೂಚಿಸುತ್ತವೆಂದೂ, ಆ ಪರಿಣಾಮಗಳಾವುವೆಂಬುದನ್ನು ನಿಜವಾದ ಯಂತ್ರವಿಲ್ಲದೆ ಅರಿಯುವುದು ದುಸ್ತರವೆಂದೂ ಅವರಿಗೆ ಕಂಡುಬಂದಿತು. ವಿವರ ಹೆಚ್ಚಿದಷ್ಟೂ ನಿಖರತೆ ಹೆಚ್ಚುವುದೆಂಬ ನಂಬಿಕೆಯನ್ನೂ ಅವರು ಪ್ರಶ್ನಿಸಿದರು. ಈ ಪ್ರಶ್ನೆಯು ಆರ್‌ಸಿಮ್‌ಗೂ ತಗಲುತ್ತದೆ, ಏಕೆಂದರೆ ವಿವರಗಳ ಸಲುವಾಗಿ ಅದು ತೆತ್ತ ಬೆಲೆ ವೇಗವೇ.